ಪುನರ್ಪುಳಿ ಬಣ್ಣದ ಕಾರು ಮತ್ತು ಒಂದು ಡಬ್ಬಿ ಮೇಣ

ಆರು ತಿಂಗಳಲ್ಲಿ ನಾನು ಅಕ್ಕನ ಕಾರಿಗೆ ಒಂದು ಸಲವೂ ಮೇಣ ಹಾಕಲಿಲ್ಲ. ಹಾಕುತ್ತೇನೆಂದು ಒಪ್ಪಿಕೊಂಡಿದ್ದೆ. ಎರಡು ಸಲವಂತೂ ಹಾಕಲೇಬೇಕು, ಮೂರನೆಯದು ನಿನ್ನಿಷ್ಟ ಎಂದಿದ್ದಳು ಅಕ್ಕ. ನಾನು ಮೂರನ್ನೂ ನನ್ನಿಷ್ಟಕ್ಕೆ ಸೇರಿಸಿಕೊಂಡೆ.

ಇದನ್ನು ಬರೆಯುವ ಹೊತ್ತಿಗೆ ಆ ಮೇಣದ ಡಬ್ಬಿ ನನ್ನೆದುರಿಗೇ ಇದೆ. ಅಂಗೈಯಗಲದ ತಗಡಿನ ಡಬ್ಬಿ. ಈಗ ಅದರಲ್ಲಿ ಪಾರ್ಸೆಲ್ ಕಟ್ಟುವ ರಬ್ಬರ್ ಬ್ಯಾಂಡುಗಳಿವೆ. ಮುಚ್ಚಳ ತೆಗೆದಾಗಲೆಲ್ಲ ಒಂದು ಸಿಹಿ ವಾಸನೆ ಬರುತ್ತದೆ, ಬಾಳೆಹಣ್ಣಿಗೂ ಸೀಮೆಎಣ್ಣೆಗೂ ಮದುವೆ ಮಾಡಿಸಿದಂಥ ವಾಸನೆ. ಆ ವಾಸನೆ ಬಂದರೆ ನನ್ನ ಕಿವಿ ಬಿಸಿಯಾಗುತ್ತದೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಚೆನ್ನೈಯ ತಾಂಬರಂ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ ಅಪ್ಪ ಶುರು ಮಾಡಿದ ಒಂದು ಸಸ್ಯಾಹಾರಿ ಹೋಟೆಲಿದೆ. ಅಪ್ಪ ಕುಂದಾಪುರದ ಕಡೆಯಿಂದ ಬಂದವರು. ಈಗ ಅದನ್ನು ನಾನು ನಡೆಸುತ್ತೇನೆ. ನಡೆಸುವುದು ಎಂದರೆ ಬೆಳಗಿನಿಂದ ದೋಸೆ ಕಾವಲಿಯ ಮುಂದೆ ನಿಂತಿರುವುದು. ಓದಿದ್ದು ಏಳನೆಯ ತರಗತಿ, ಅದೂ ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಅಕ್ಕ. ಊರಿನಿಂದ ಬರುವ ಹಪ್ಪಳದ ಕಟ್ಟಿಗೆ ಸುತ್ತಿರುತ್ತಿದ್ದ ಹಳೆಯ ಪತ್ರಿಕೆಗಳೇ ನನ್ನ ಪುಸ್ತಕ. ಹಾಗಾಗಿ ನಾನು ಓದಿದ ಎಷ್ಟೋ ಕತೆಗಳಿಗೆ ಮೊದಲಿಲ್ಲ, ಕೆಲವಕ್ಕೆ ಕೊನೆಯಿಲ್ಲ. ಈ ಬರಹದಲ್ಲೂ ಅಂಥದ್ದೇನಾದರೂ ಕಂಡರೆ ಹಪ್ಪಳದವರನ್ನು ದೂರಿ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹೆಸರು ಜಲಜಾ. ಚೆನ್ನಾಗಿ ಓದಿದಳು, ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಕಚೇರಿಯಲ್ಲಿ ಕೆಲಸ ಹಿಡಿದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಂಬರಂನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ ಬಂದಳು. ಹೋಗಿ ಬಂದಳು ಎಂದರೆ ನಿಂತು ಹೋಗಿ, ನಿಂತು ಬಂದಳು. ಸೀಟು ಸಿಕ್ಕಿದ ದಿನ ಮನೆಗೆ ಬಂದು ಅದನ್ನೊಂದು ಸುದ್ದಿಯ ಹಾಗೆ ಹೇಳುತ್ತಿದ್ದಳು. ಭಾವ ತೀರಿಕೊಂಡು, ಮಗಳು ಮೇಘನಾಳ ಮದುವೆಯಾಗಿ, ಕೆಲಸದಿಂದ ನಿವೃತ್ತಿಯೂ ಆದ ಮೇಲೆ ಒಂದು ದಿನ ಹೋಟೆಲಿಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ನಾನು ಕಾರು ಕಲಿತೇನೆ" ಎಂದಳು.

"ಈ ಪ್ರಾಯದಲ್ಲಿ?" ಎಂದೆ.

"ಮತ್ತೆ ಯಾವ ಪ್ರಾಯದಲ್ಲಿ? ನಿಂತದ್ದು ಸಾಕಾಯ್ತು ಮಾರಾಯ. ಇನ್ನು ಕೂತು ಹೋಗ್ತೇನೆ."

ಕಲಿತಳು. ಒಂದು ಹಳೆಯ ಕಾರನ್ನೂ ಕೊಂಡಳು. ಒಬ್ಬರ ಕೈ ದಾಟಿ ಬಂದ ಸಣ್ಣ ಕಾರು, ಆದರೆ ಬಣ್ಣ ನೋಡಬೇಕಿತ್ತು. ಕಾಗದದಲ್ಲಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತು. ನಮಗೆ ಮಾತ್ರ ಅದು ನೋಡಿದ ಕೂಡಲೇ ಪುನರ್ಪುಳಿ ಶರಬತ್ತು. ಊರಲ್ಲಿ ಬೇಸಿಗೆಯಲ್ಲಿ ಗಾಜಿನ ಲೋಟದಲ್ಲಿ ಕೊಡುತ್ತಾರಲ್ಲ, ಬೆಳಕಿಗೆ ಹಿಡಿದರೆ ಒಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದಲ್ಲ, ಅದೇ ಬಣ್ಣ. ಅಕ್ಕ ಗಿಡ್ಡ. ಸ್ಟೇರಿಂಗಿನ ಮೇಲಿನಿಂದ ರಸ್ತೆ ಕಾಣಲೆಂದು ಸೀಟಿನ ಮೇಲೆ ಒಂದು ಹೂವಿನ ದಿಂಬು ಹಾಕಿಕೊಂಡು ಕುಳಿತು, ಹಾರ್ನಿಗೆ ಹೆದರದೆ, ಯಾರಿಗೂ ದಾರಿ ಬಿಡದೆ ಹೋಗುತ್ತಿದ್ದಳು. ಚೆನ್ನೈಯಲ್ಲಿ ಕಾರು ಓಡಿಸಲು ಬೇಕಾದ ಗುಣಗಳೆಲ್ಲ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲೇ ಅವಳಿಗೆ ಬಂದಿದ್ದವು ಎಂದು ನನ್ನ ಅಂದಾಜು.

ಪೊಂಗಲ್ ಕಳೆದ ಮೇಲೆ ಮೇಘನಾಳ ಬಾಣಂತನಕ್ಕೆ ಅಕ್ಕ ಕೊಯಮತ್ತೂರಿಗೆ ಹೊರಟಳು. ಆರು ತಿಂಗಳು ಅಲ್ಲೇ. ಕಾರನ್ನು ತಂದು ನಮ್ಮ ಹೋಟೆಲಿನ ಹಿತ್ತಿಲಲ್ಲಿ ನಿಲ್ಲಿಸಿ, ಬಣ್ಣದ ಹೊಳಪು ಕಾಯುವ ಮೇಣದ ಡಬ್ಬಿಯನ್ನೂ ಎರಡು ಮೆತ್ತನೆಯ ಬಟ್ಟೆಗಳನ್ನೂ ನನ್ನ ಕೈಗೆ ಕೊಟ್ಟಳು.

"ಇದೆಂತ ದೊಡ್ಡ ಕೆಲಸ ಅಲ್ಲ. ಮೂರು ತಿಂಗಳಿಗೊಮ್ಮೆ ಸಾಕು. ಆದ್ರೆ ಇದು ಬಯಲಲ್ಲಿ ನಿಲ್ಲುದಲ್ವಾ, ಅದಕ್ಕೆ ಎರಡು ತಿಂಗಳಾದ ಕೂಡಲೇ ಒಮ್ಮೆ ನೀರು ಚಿಮುಕಿಸಿ ನೋಡು."

"ನೋಡಿ ಎಂತ ಮಾಡುದು?"

"ಕೆಸುವಿನ ಎಲೆ ಮೇಲೆ ನಿಂತ ಹಾಗೆ ನೀರು ಗುಂಡುಗುಂಡಗೆ ನಿಂತ್ರೆ ಮೇಣ ಉಂಟು ಅಂತ ಲೆಕ್ಕ. ಚಪ್ಪಟೆಯಾಗಿ ಹರಡಿದ್ರೆ ಹೋಗಿದೆ ಅಂತ. ನೀನು ಕಾವಲಿಗೆ ನೀರು ಹೊಡೆದು ನೋಡ್ತಿ ಅಲ್ವಾ, ಹಾಗೆ."

"ಓ, ಅಷ್ಟೇಯಾ?"

"ಅಷ್ಟೇ ಅಲ್ಲ, ಕೇಳು. ಮೊದಲು ತೊಳಿ. ಪಾತ್ರೆ ಸೋಪು ಹಾಕ್ಬೇಡ, ಅದು ಇದ್ದ ಮೇಣವನ್ನೂ ತೆಗೀತದೆ. ಒರೆಸಿ ಒಣಗಿಸಿ, ನೆರಳಲ್ಲಿ, ಕಾರಿನ ಮೈ ತಣ್ಣಗಿರುವಾಗ ಹಚ್ಚು. ತೆಳ್ಳಗೆ."

"ಎಷ್ಟು ತೆಳ್ಳಗೆ?"

"ನೀರ್ ದೋಸೆಗಿಂತ ತೆಳ್ಳಗೆ. ಬಿಳಿ ಮಬ್ಬು ಬಂದ ಮೇಲೆ ಈ ಬಟ್ಟೆಯಲ್ಲಿ ಒರೆಸು. ಮತ್ತೆ, ಕಾಗೆ ಗಲೀಜು ಮಾಡಿದ್ರೆ ಆಗಲೇ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗಿ. ಉಜ್ಜಬೇಡ. ಗೊತ್ತಾಯ್ತಾ? ಉಜ್ಜಬೇಡ."

ಇಷ್ಟು ಚೆನ್ನಾಗಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ನನಗೂ ಆಗಿತ್ತು. ನಾನು ದಿನಕ್ಕೆ ನೂರಾರು ಸಲ ಕಾವಲಿಗೆ ನೀರು ಚಿಮುಕಿಸುವವನು. ನೀರಿನ ಹನಿ ಕುಣಿದದ್ದು ನೋಡಿ ಹಿಟ್ಟು ಹುಯ್ಯಬೇಕೋ, ಬೆಂಕಿ ಇಳಿಸಬೇಕೋ ಎಂದು ಹೇಳಬಲ್ಲೆ. ಆದರೆ ಹತ್ತು ಹೆಜ್ಜೆ ಹಿಂದಿನ ಹಿತ್ತಿಲಿಗೆ ಹೋಗಿ ಕಾರಿನ ಮೇಲೆ ಒಂದು ಚೆಂಬು ನೀರು ಚಿಮುಕಿಸಲು ನನ್ನ ಕೈಗೆ ಆರು ತಿಂಗಳು ಬಿಡುವಾಗಲಿಲ್ಲ.

ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಮಗುವಿನ ಸುದ್ದಿಯಾದ ಮೇಲೆ, "ಮೇಣ ಹಾಕಿದ್ಯಾ?" ಎಂದು ಕೇಳುತ್ತಿದ್ದಳು. ನಾನು "ಹ್ಞೂಂ" ಎನ್ನುತ್ತಿದ್ದೆ. ಈ ಹ್ಞೂಂ ಬಗ್ಗೆ ಒಂದು ಮಾತು ಹೇಳಬೇಕು. ಅದು ಸುಳ್ಳಲ್ಲ ಎಂದು ಆಗ ನನ್ನ ವಾದ. ಬಾಯಲ್ಲಿ ರುಚಿ ನೋಡುವ ಸಾಂಬಾರು ಇರುತ್ತಿತ್ತು. ಸಾಂಬಾರು ಚೆನ್ನಾಗಿದೆ ಎಂದೂ ಆ ಹ್ಞೂಂಗೆ ಅರ್ಥವಾಗಬಹುದು. ಒಮ್ಮೆ ಮೇಘನಾ ತಾನೇ ಫೋನ್ ತೆಗೆದುಕೊಂಡು, "ಮಾಮಾ, ಅಮ್ಮಾವೋಡ ಕಾರ್ ಎಪ್ಪಡಿ ಇರುಕ್ಕು?" ಎಂದು ಕಾರಿನ ಕ್ಷೇಮ ವಿಚಾರಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು. ಅವಳಿಗೆ ತಮಿಳಿನಲ್ಲಿ ಹ್ಞೂಂ ಎಂದೆ. ಎರಡು ಭಾಷೆಯಲ್ಲೂ ಅದು ಒಂದೇ ಥರ ಕೇಳಿಸುತ್ತದೆ, ದೊಡ್ಡ ಅನುಕೂಲ.

ಹಾಗಾದರೆ ಡಬ್ಬಿ ಖಾಲಿಯಾದದ್ದು ಹೇಗೆ ಎಂದು ನೀವು ಕೇಳಬೇಕು. ಒಂದು ಬೆಳಿಗ್ಗೆ ಹೋಟೆಲಿನ ಶಟರ್ ಅರ್ಧಕ್ಕೆ ನಿಂತು ಮೇಲೇಳಲಿಲ್ಲ. ಹೊರಗೆ ಕಾಫಿಗೆ ಕಾದ ಗಿರಾಕಿಗಳ ಬರೀ ಕಾಲುಗಳು ಕಾಣುತ್ತಿದ್ದವು. ಕೈಗೆ ಸಿಕ್ಕಿದ್ದು ಮೇಣದ ಡಬ್ಬಿ. ಒಂದು ಬೆರಳು ತೆಗೆದು ಶಟರಿನ ಎರಡು ಬದಿಯ ಹಳಿಗೆ ಹಚ್ಚಿದೆ. ಬೆಣ್ಣೆಯಲ್ಲಿ ಜಾರಿದ ಹಾಗೆ ಏರಿತು. ನನಗೆ ರುಚಿ ಹತ್ತಿತು. ಮರುದಿನ ಗಲ್ಲಾಪೆಟ್ಟಿಗೆಯ ಡ್ರಾಯರಿಗೆ ಹಚ್ಚಿದೆ. ಆಮೇಲೆ ಉಗ್ರಾಣದ ಬಾಗಿಲಿಗೆ, ಕೈ ತೊಳೆಯುವಲ್ಲಿನ ಕಿಟಕಿಗೆ, ಅಮ್ಮನ ಕಾಲದ ಮಡಚುವ ಕುರ್ಚಿಗೆ. ಮೇ ತಿಂಗಳ ಹೊತ್ತಿಗೆ ನಮ್ಮ ಹೋಟೆಲಿನಲ್ಲಿ ಕಿರ್ರೆನ್ನುವ ವಸ್ತು ಒಂದೂ ಉಳಿಯಲಿಲ್ಲ. ಮೇಣವೂ ಉಳಿಯಲಿಲ್ಲ.

ಕಾರು ಹಿತ್ತಿಲಲ್ಲಿ ಒಂದು ದೊಡ್ಡ ಮರದ ಕೆಳಗೆ ನಿಂತಿತ್ತು. ಇಲ್ಲಿಯವರು ಅದನ್ನು ತೂಂಗುಮೂಂಜಿ ಮರ ಎನ್ನುತ್ತಾರೆ. ಸಂಜೆಯಾದರೆ ಎಲೆ ಮಡಚಿ ನಿದ್ದೆಗೆ ಬೀಳುವ ಮರ, ನಿದ್ದೆಮುಖದ ಮರ. ಆ ಮರಕ್ಕೂ ನನಗೂ ಕಾರಿನ ಕಾವಲು ಒಪ್ಪಿಸಿದ್ದು ಅಕ್ಕನ ಜೀವನದಲ್ಲೇ ದೊಡ್ಡ ತಪ್ಪು. ಮರ ಅಂಟು ಸುರಿಸಿತು. ಅಡುಗೆಮನೆಯ ಹೊಗೆ ಗೋಡೆಯ ಆಚೆಯಿಂದ ಬಂದು ಕಾರಿನ ಮೇಲೆ ಒಗ್ಗರಣೆಯ ಜಿಡ್ಡು ಹೊದಿಸಿತು. ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಉರಿಬಿಸಿಲು ಶುರುವಾಯಿತು. ನಮ್ಮಲ್ಲಿ ಊಟದ ಮೊದಲು ಕಾಗೆಗೆ ಅನ್ನ ಇಡುವ ಪದ್ಧತಿ ಅಮ್ಮನ ಕಾಲದಿಂದ ಇದೆ. ಹಿತ್ತಿಲ ಗೋಡೆಯ ಮೇಲೆ ಇಡುವುದು. ಕಾಗೆಗಳು ಉಂಡು, ಒಂದು ಗಳಿಗೆ ವಿಶ್ರಾಂತಿಗೆಂದು ಕಾರಿನ ಮೇಲಿನ ಕೊಂಬೆಗೆ ಹೋಗುತ್ತಿದ್ದವು. ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ಅವು ಪಿತೃಗಳು ಎಂದು ನಂಬುವವನು ನಾನು. ಪಿತೃಗಳನ್ನು ಓಡಿಸುವುದು ಹೇಗೆ?

ಅಕ್ಕ ಬರಲು ಒಂದು ವಾರ ಇದೆ ಎನ್ನುವಾಗ ಹೋಗಿ ನೋಡಿದೆ. ಬಾನೆಟ್ಟಿನ ತುಂಬ ಕಲೆ. ನೀರು ಹಾಕಿದೆ. ಹನಿ ನಿಲ್ಲಲಿಲ್ಲ, ಚಾಪೆ ಹಾಸಿದಂತೆ ಹರಡಿತು. ಕಲೆ ಹೋಗಲಿಲ್ಲ. ಆಗ ನನ್ನ ತಲೆಗೆ ಬಂದದ್ದು ನಮ್ಮಂಥವರ ತಲೆಗೆ ಮಾತ್ರ ಬರುವ ಉಪಾಯ. ಹಿತ್ತಾಳೆಯ ಕೊಪ್ಪರಿಗೆ, ದೀಪದ ಕಂಬ, ಕಾಫಿಯ ಬೋಸಿ, ಎಷ್ಟೇ ಕಪ್ಪಾಗಿರಲಿ, ಹುಣಸೆಹುಳಿ ಮತ್ತು ತೆಂಗಿನ ನಾರು ಇದ್ದರೆ ಬಂಗಾರದ ಹಾಗೆ ಹೊಳೆಯುತ್ತವೆ. ಬಾಲ್ಯದಿಂದ ನನ್ನ ಕೈ ಪಳಗಿದ್ದು ಇದೊಂದೇ ವಿದ್ಯೆಯಲ್ಲಿ. ಒಂದು ಹಿಡಿ ಹುಣಸೆಹುಳಿ ನೆನೆಸಿದೆ. ಉಜ್ಜಬೇಡ ಎಂದು ಅಕ್ಕ ಎರಡು ಸಲ ಹೇಳಿದ್ದು ಆಗ ನೆನಪಾಗಲಿಲ್ಲ. ನೆನಪಾದದ್ದು ಉಜ್ಜಿ ಮುಗಿಸಿದ ಮೇಲೆ.

ಕಲೆ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಪುನರ್ಪುಳಿ ಶರಬತ್ತಿನ ನಡುವೆ ಮಜ್ಜಿಗೆ ಚೆಲ್ಲಿದ ಹಾಗೆ ಒಂದು ಮಂಕು ವೃತ್ತ. ಗಾಬರಿಯಾಗಿ ಅದರ ಮೇಲೆ ಎಳ್ಳೆಣ್ಣೆ ಸವರಿದೆ. ಒಂದು ಸಂಜೆ ಲಕಲಕ ಹೊಳೆಯಿತು. ಮರುದಿನ ತಾಂಬರಂನ ಧೂಳೆಲ್ಲ ಬಂದು ಅದರ ಮೇಲೆ ಕುಳಿತಿತ್ತು. ಇರುವೆಗಳೂ ಬಂದು ನೋಡಿಕೊಂಡು ಹೋದವು.

ಹುಣಸೆಹುಳಿಯಿಂದ ನಾನು ಹೀಗೆ ಕೆಟ್ಟದ್ದು ಮೊದಲ ಸಲವಲ್ಲ. ಏಳು ವರ್ಷದವನಿದ್ದಾಗ ನವರಾತ್ರಿಗೆ ಮೊದಲು ದೀಪ ಬೆಳಗುವ ಕೆಲಸ ನನಗೂ ಅಕ್ಕನಿಗೂ ಬಂತು. ಅವಳು ನೀರು ತರಲು ಹೋದಾಗ ನಾನು ಹುಳಿಯನ್ನೂ ಬೂದಿಯನ್ನೂ ತೆಗೆದುಕೊಂಡು ಹೋಗಿ ಗೋಡೆಗೆ ಒರಗಿಸಿಟ್ಟಿದ್ದ ಹೋಟೆಲಿನ ಬೋರ್ಡನ್ನು ಉಜ್ಜಿದೆ. ಹಬ್ಬಕ್ಕೆ ಅದೂ ಹೊಳೆಯಲಿ ಎಂದು ಆಸೆ. 'ಊಟ ತಿಂಡಿ ತಯಾರಿದೆ' ಎಂದು ಅಪ್ಪ ಊರಿನ ಪೇಂಟರನ್ನು ಹಿಡಿದು ಬರೆಸಿದ್ದು, ಕೆಳಗೆ ತಮಿಳು. ಅಕ್ಕ ನನಗೆ ಅಕ್ಷರ ತೋರಿಸಿಕೊಟ್ಟದ್ದೂ ಅದೇ ಬೋರ್ಡಿನ ಮೇಲೆ. ನಾನು ಉಜ್ಜಿದ್ದಕ್ಕೆ 'ಊಟ' ಪೂರ್ತಿ ಅಳಿಸಿಹೋಯಿತು. ಕನ್ನಡ ಓದುವ ಗಿರಾಕಿ ಒಬ್ಬನೂ ಇರದಿದ್ದರಿಂದ ವ್ಯಾಪಾರಕ್ಕೆ ಏನೂ ಆಗಲಿಲ್ಲ. ಅಪ್ಪನಿಗೆ ಮಾತ್ರ ಆಯಿತು. "ಯಾರು ಮಾಡಿದ್ದು?" ಎಂದು ಕೇಳಿದರು. ಬೂದಿ ಮೆತ್ತಿದ ಕೈಯನ್ನು ನಾನು ಬೆನ್ನ ಹಿಂದೆ ಇಟ್ಟುಕೊಂಡೆ. ಅಕ್ಕನ ಕೈ ಹಿಂದೆ ಹೋಗಲಿಲ್ಲ, ಅದರಲ್ಲಿ ಕೊಡಪಾನವಿತ್ತು. ಅವಳ ಕೈಯಲ್ಲೂ ಬೂದಿ ಕಂಡಿತು. ಏಟು ಅವಳಿಗೆ ಬಿತ್ತು. ಅವಳು ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಸಿಟ್ಟಿನಲ್ಲಿ ಹೊಡೆದದ್ದು ಹೆಚ್ಚಾಯಿತು ಎನಿಸಿದರೆ ಅಪ್ಪ ಸಂಜೆ ಒಂದು ತುಪ್ಪದ ದೋಸೆ ಕಳಿಸುತ್ತಿದ್ದರು. ಅಮ್ಮನ ಜೊತೆ ಜಗಳವಾದರೂ ದೋಸೆ. ಒಮ್ಮೆ ಹಾಲಿನವನನ್ನು ಬೈದು, ಮರುದಿನ ಅವನಿಗೂ ದೋಸೆ. ಇಂಥವರಿಗೆ ದೋಸೆ ಎಂದು ಕಾವಲಿಯ ಹತ್ತಿರದಿಂದ ಅಪ್ಪ ಕೂಗಿದರೆ, ಅಲ್ಲಿಗೆ ಆ ಸಂಗತಿ ಮುಗಿಯಿತು ಎಂದು ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಆ ದಿನ ಸಂಜೆ ಅಕ್ಕನಿಗೆ ದೋಸೆ ಬಂತು. ಅವಳು ಅರ್ಧ ಮುರಿದು ನನಗೆ ಕೊಟ್ಟಳು. ತಿಂದೆ. ಗರಿಗರಿಯಾಗಿತ್ತು ಎನ್ನುವುದೂ ನೆನಪಿದೆ, ಅದೇ ನಾಚಿಕೆ.

ಇರಲಿ, ಕಾರಿಗೆ ಬರೋಣ. ಜುಲೈಯಲ್ಲಿ ಅಕ್ಕ ಬಂದಳು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾನೆಟ್ಟಿನ ಮುಂದೆ ನಿಂತಳು. ಬೆರಳಿನಿಂದ ಆ ಮಂಕು ವೃತ್ತವನ್ನು ಮುಟ್ಟಿದಳು. ಆಮೇಲೆ ಕೇಳಿದಳು, "ಡಬ್ಬಿ ಎಲ್ಲಿ?"

ತಂದುಕೊಟ್ಟೆ. ಮುಚ್ಚಳ ತೆಗೆದು ನೋಡಿದಳು. ತಳ ಕಾಣುತ್ತಿತ್ತು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಪೂರ್ತಿ ಹಾಕಿದ್ದೀಯಾ ಪಾಪ," ಎಂದಳು ಅಕ್ಕ. "ನಾನು ಸುಮ್ಮನೆ ವಾರ ವಾರ ಕೇಳಿ ನಿನ್ನ ತಲೆ ತಿಂದೆ."

ಆಗ ಹೇಳಬಹುದಿತ್ತು. ಹೇಳಲಿಲ್ಲ. ಹ್ಞೂಂ ಎಂದೆ. ಆಗ ಬಾಯಲ್ಲಿ ಸಾಂಬಾರೂ ಇರಲಿಲ್ಲ.

ಆಮೇಲಿನ ನಾಲ್ಕು ದಿನ ಅಕ್ಕ ಸಿಕ್ಕಿದವರಿಗೆಲ್ಲ ನನ್ನನ್ನು ಹೊಗಳಿದಳು. "ದೋಸೆ ಹೊಯ್ದು ಹೊಯ್ದು ಕೈ ಸೋತವ, ಅಂಥಾದ್ರಲ್ಲಿ ಒಂದು ಡಬ್ಬಿ ಮೇಣ ತಿಕ್ಕಿ ಖಾಲಿ ಮಾಡಿದ್ದಾನೆ," ಎಂದು ಮೇಘನಾಳಿಗೆ ಫೋನಿನಲ್ಲಿ ಹೇಳಿದಳು. ಕೊಯಮತ್ತೂರಿನಿಂದ ನನಗೊಂದು ಅಂಗಿ ತಂದಿದ್ದಳು, ಕಾರಿನದೇ ಬಣ್ಣ. ಹಾಕಿಕೊಂಡೆ. ಬಿಗಿ ಎನಿಸಿತು. ಅಳತೆಯೇನೂ ತಪ್ಪಿರಲಿಲ್ಲ.

ಹೊಗಳಿಕೆಯಲ್ಲೇ ನಿಂತಿದ್ದರೆ ನಾನು ಬಹುಶಃ ಈಗಲೂ ಸುಮ್ಮನಿರುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು. ಆದರೆ ಅಕ್ಕ ಕಚೇರಿಯಲ್ಲಿ ತಲೆ ಓಡಿಸಿ ಬಾಳಿದವಳು. ಐದನೆಯ ದಿನ ಹೋಟೆಲಿಗೆ ಬಂದು ಕುಳಿತಳು.

"ಯೋಚನೆ ಮಾಡಿದೆ. ಅಷ್ಟು ಮೇಣ ಹಾಕಿಯೂ ಹೀಗಾಗಿದೆ ಅಂದ್ರೆ ಬಣ್ಣವೇ ಸರಿ ಇಲ್ಲ. ಎಲ್ಲೋ ಗುದ್ದಿದ ಕಾರಿಗೆ ಮೇಲಿಂದ ಬಣ್ಣ ಹೊಡೆದು ನಂಗೆ ಕೊಟ್ಟಿದ್ದಾರೆ. ಒಳಗೆ ತುಕ್ಕು ಹಿಡಿದಿರ್ತದೆ."

"ಹಾಗೆಲ್ಲ ಇರ್ಲಿಕ್ಕಿಲ್ಲ ಅಕ್ಕ."

"ಮತ್ತೆಂತ? ಸರಿ ಇರುವ ಬಣ್ಣ ಮೇಣ ಹಾಕಿದ್ರೆ ಹೀಗೆ ಸಾಯ್ತದಾ? ಅಂಬತ್ತೂರಿನಲ್ಲಿ ಹಳೆ ಕಾರು ತಗೊಳ್ಳುವವ ಒಬ್ಬ ಇದ್ದಾನೆ. ಫೋನಲ್ಲಿ ಫೋಟೋ ಕಳಿಸಿದೆ. 'ಪೇಂಟ್ ಪೋಚ್ಚು ಮ್ಯಾಡಂ, ಸಂಡೇ ವರೇನ್' ಅಂದ. ಬಣ್ಣ ಹೋಗಿದೆಯಂತೆ. ಭಾನುವಾರ ಬಂದು ತಗೊಂಡು ಹೋಗ್ತಾನೆ."

"ಮತ್ತೆ ನೀನು?"

"ನಂಗೆಂತ? ರೈಲು ಉಂಟಲ್ಲ. ನಿಂತು ಅಭ್ಯಾಸ ಉಂಟು."

ನಗುತ್ತಲೇ ಹೇಳಿದಳು. ಕಾಫಿ ಮಾತ್ರ ಅರ್ಧಕ್ಕೆ ಬಿಟ್ಟು ಎದ್ದಳು. ಅಕ್ಕ ಕಾಫಿ ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶನಿವಾರ ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಕಾವಲಿ ಒರೆಸಿದೆ. ನೀರು ಚಿಮುಕಿಸಿದೆ. ಹನಿಗಳು ಗುಂಡಗೆ ಎದ್ದು ಓಡಿದವು. ಅವುಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹಿಟ್ಟು ಹೊಯ್ದು, ತುಪ್ಪ ಬಿಟ್ಟು, ಜೀವಮಾನದಲ್ಲೇ ಚೆನ್ನಾಗಿ ಬಂದ ಒಂದು ದೋಸೆ ತೆಗೆದೆ. ಬಾಳೆಲೆಯಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ಹೋದೆ. ಅಲ್ಲಿಗೆ ನಡೆದು ಹತ್ತು ನಿಮಿಷ. ಅಪ್ಪನ ಪದ್ಧತಿ ನನ್ನನ್ನೂ ಕಾಪಾಡುತ್ತದೆ ಎಂದು ನಂಬಿದ್ದೆ. ದೋಸೆ ಕೊಡುವುದು, ಅಕ್ಕ ತಿನ್ನುವುದು, ಹೇಗೋ ಎಲ್ಲ ಅವಳಿಗೆ ತಿಳಿಯುವುದು, ನಾನು ಮನೆಗೆ ಬರುವುದು.

ಮನೆಯ ಮುಂದೆ ತಂದು ನಿಲ್ಲಿಸಿದ್ದ ಕಾರಿನಿಂದ ಅಕ್ಕ ತನ್ನ ಸಾಮಾನುಗಳನ್ನೆಲ್ಲ ಒಳಗೆ ತಂದಿಟ್ಟಿದ್ದಳು. ಕೊಡೆ, ನೀರಿನ ಬಾಟಲಿ, ಒಂದು ಗಣಪತಿ. ಕುರ್ಚಿಯ ಮೇಲೆ ಆ ಹೂವಿನ ದಿಂಬು. ಇಷ್ಟು ದಿನ ಅವಳ ಭಾರಕ್ಕೆ ನಡುವೆ ತಗ್ಗು ಬಿದ್ದು, ಅದು ಈಗಲೂ ಯಾರನ್ನೋ ಕೂರಿಸಿಕೊಂಡ ಹಾಗೆ ಇತ್ತು.

"ಎಂತ ವಿಶೇಷ, ದೋಸೆ ತಂದದ್ದು?" ಎಂದಳು. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, "ಅಪ್ಪನ ಕೈ ಬಂದಿದೆ ನಿಂಗೆ," ಎಂದಳು. ಅಭ್ಯಾಸದಂತೆ ಇನ್ನರ್ಧ ಮುರಿದು ನನ್ನ ಕಡೆ ಚಾಚಿದಳು.

ಆ ಅರ್ಧ ದೋಸೆಯನ್ನು ನನ್ನಿಂದ ತೆಗೆದುಕೊಳ್ಳಲಾಗಲಿಲ್ಲ.

"ಬಣ್ಣ ಸರಿಯಾಗೇ ಉಂಟು ಅಕ್ಕ," ಎಂದೆ. "ನಾನು ಮೇಣ ಹಾಕಲೇ ಇಲ್ಲ."

ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. "ಒಂದು ಸಲವೂ?"

"ಒಂದು ಸಲವೂ."

"ಹಾಗಾದ್ರೆ ಡಬ್ಬಿ?"

"ಶಟರಿಗೆ. ಮತ್ತೆ ಡ್ರಾಯರಿಗೆ. ಅಮ್ಮನ ಕುರ್ಚಿಗೂ ಸ್ವಲ್ಪ."

"ಬಾನೆಟ್ಟಿನ ಮೇಲೆ ಅದೆಂತ ಮಂಕು?"

"ಹುಣಸೆಹುಳಿ. ನಾರು ಹಾಕಿ ಉಜ್ಜಿದೆ. ಮೇಲಿಂದ ಎಳ್ಳೆಣ್ಣೆ."

ಅಕ್ಕ ಕೈಯಲ್ಲಿದ್ದ ಅರ್ಧ ದೋಸೆಯನ್ನು ಬಾಳೆಲೆಯ ಮೇಲೆ ಇಟ್ಟಳು. "ಹುಣಸೆಹುಳಿ," ಎಂದಳು, ಯಾವುದೋ ಹಳೆಯ ಪರಿಚಯದವರ ಹೆಸರು ಹೇಳುವ ಹಾಗೆ. ಆಮೇಲೆ ಕೈ ತೊಳೆದು ಬಂದು ಫೋನ್ ತೆಗೆದುಕೊಂಡಳು. ಅಂಬತ್ತೂರಿನವನಿಗೆ ತಮಿಳಿನಲ್ಲಿ, ಬರುವುದು ಬೇಡ, ಕಾರು ಕೊಡುವುದಿಲ್ಲ ಎಂದಳು. ಅವನು ಏನೋ ಕೇಳಿರಬೇಕು. "ಪೇಂಟ್ ನಲ್ಲಾ ಇರುಕ್ಕು. ತಂಬಿದಾನ್ ಸರಿಯಿಲ್ಲೆ," ಎಂದು ಇಟ್ಟುಬಿಟ್ಟಳು. ಬಣ್ಣ ಚೆನ್ನಾಗಿದೆ, ತಮ್ಮನೇ ಸರಿ ಇಲ್ಲ.

ನನಗೆ ಸಮಾಧಾನವಾಯಿತು. ಹೊರಡಲು ಎದ್ದೆ.

"ಎಲ್ಲಿಗೆ?" ಎಂದಳು ಅಕ್ಕ.

"ಹೇಳಿ ಆಯ್ತಲ್ಲ."

"ಎಂತ ಆದದ್ದು ಅಂತ ಹೇಳಿದಿ. ಇನ್ನೊಂದು ಬಾಕಿ ಉಂಟು."

"ದೋಸೆ ತಂದೆನಲ್ಲ ಅಕ್ಕ."

"ದೋಸೆ ಚೆನ್ನಾಗಿತ್ತು. ಅಪ್ಪನ ದೋಸೆಯೂ ಚೆನ್ನಾಗಿರ್ತಿತ್ತು. ಅಷ್ಟೂ ತಿಂದಿದ್ದೇನೆ, ಒಂದರಲ್ಲೂ ಮಾತು ಇರ್ಲಿಲ್ಲ ಮಾರಾಯ. ನೀನು ಬಾಯಲ್ಲಿ ಹೇಳು."

ಅವಳು ಕುರ್ಚಿಯಿಂದ ಹೂವಿನ ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಕಾರಿನ ಕೀಲಿ ಕೈಯಲ್ಲಿ ಹಿಡಿದು, ಬಾಗಿಲಿನಲ್ಲಿ ನಿಂತಳು. ನನ್ನ ಎರಡೂ ಕೈಗಳು ಬೆನ್ನ ಹಿಂದೆ ಹೋಗಿದ್ದವು. ಅವನ್ನು ಮುಂದಕ್ಕೆ ತಂದೆ.

"ತಪ್ಪಾಯ್ತು ಅಕ್ಕ," ಎಂದೆ. "ಕಾರಿಂದು ತಪ್ಪಾಯ್ತು. ಬೋರ್ಡಿಂದೂ."